ಒದ್ದೆಯಾದ ರಿಜಿಸ್ಟರನ್ನು ಓದಿಕೊಟ್ಟವರಿಗೆ

ಧಾರವಾಡದ ನಮ್ಮ ಬಡಾವಣೆಯ ಲೇಖಕರ ಹಬ್ಬ ಮೂರು ದಿನ ನಡೆದು ಕಳೆದ ಭಾನುವಾರ ಮುಗಿಯಿತು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಆದದ್ದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಈ ವರ್ಷ ಹಬ್ಬ ಬೇಡವೆಂದು ನಾನು ಕೂತುಬಿಟ್ಟಾಗ, ನಮ್ಮ ಯಜಮಾನರು ಒಪ್ಪಿಸಿಟ್ಟಿದ್ದ ಲೇಖಕರಿಗೆ ಬರಬೇಡಿ ಎಂದು ಹೇಳುವ ಬಾಯಿ ನಮಗಿಲ್ಲವೆಂದು ಹೇಳಿ ಕೆಲಸಕ್ಕೆ ಎಬ್ಬಿಸಿದ ಗೆಳತಿಯರಿಗೂ, ಕುರ್ಚಿ ಹೊತ್ತ ಹುಡುಗರಿಗೂ, ಮೂರು ಹೊತ್ತು ಅಡುಗೆ ಮಾಡಿದ ವೈನಿಯರಿಗೂ ನನ್ನ ನಮಸ್ಕಾರಗಳು.

1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರಿನಲ್ಲಿ ಸಾಹಿತ್ಯದ ಭಾಷಣಗಳಿಗೆ ಬರವಿಲ್ಲ. ಆದ್ದರಿಂದಲೇ ಕವಿ, ಕಾದಂಬರಿಕಾರರ ಜೊತೆಗೆ ಬೇರೆ ಬಗೆಯ ಬರಹಗಾರರೂ ವೇದಿಕೆಗೆ ಬರಬೇಕೆಂಬುದು ನಮ್ಮವರ ಹಟವಾಗಿತ್ತು. ಮಕ್ಕಳ ಚಿತ್ರಪುಸ್ತಕ ಮಾಡುವವರು, 1950ರಲ್ಲಿ ಶುರುವಾದ ನಮ್ಮ ಆಕಾಶವಾಣಿಗೆ ನಾಟಕ ಬರೆದುಕೊಟ್ಟ ಹಿರಿಯರು, ಜೋಳದ ತಳಿಗಳ ಬಗ್ಗೆ ಬರೆಯುವ ರೈತರು, ಉರ್ದುವಿನಿಂದ ಕನ್ನಡಕ್ಕೆ ತರುವ ಅನುವಾದಕಿ ಎಲ್ಲರೂ ಬಂದರು. 2025ರಲ್ಲಿ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅನುವಾದದ ಮಾತು ಕೇಳುವ ಆಸೆ ಜನರಲ್ಲಿ ಎಷ್ಟು ಬೆಳೆದಿದೆಯೆಂಬುದು ಬಾಗಿಲ ಹೊರಗೂ ನಿಂತಿದ್ದವರನ್ನು ನೋಡಿದಾಗ ತಿಳಿಯಿತು.

ಇನ್ನು ಪ್ರೆಸ್ಸಿನ ಕಾಕಾ ಅವರ ಬಗ್ಗೆ ಬರೆಯಬೇಕು. ಶುಕ್ರವಾರ ರಾತ್ರಿ ಸುರಿದ ಅಕಾಲದ ಮಳೆಗೆ ಪುಸ್ತಕ ಮಳಿಗೆಯ ತಾಡಪತ್ರಿ ಹರಿದು, ಕೆಳಗಿನ ಪೆಟ್ಟಿಗೆಗಳೆಲ್ಲ ನೆನೆದವು. ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ ನಿವೃತ್ತರಾದ ಕಾಕಾ ಹಳೆಯ ಪ್ರೆಸ್ಸಿನಿಂದ ಅಚ್ಚಾಗದ ಕಾಗದದ ಹೊರೆಯನ್ನೇ ತಂದರು. ಓದಿದ ಪತ್ರಿಕೆಯಾದರೆ ಅದರ ಮಸಿ ಒದ್ದೆ ಹಾಳೆಗೆ ಹತ್ತುತ್ತದೆಯಂತೆ. ಮಕ್ಕಳ ಪುಸ್ತಕಗಳ ನುಣುಪು ಕಾಗದ ಅಂಟಿಕೊಂಡೇ ಒಣಗಿದರೆ ಮತ್ತೆ ಬಿಡುವುದಿಲ್ಲವೆಂದು ಮೊದಲು ಅವನ್ನೇ ಎತ್ತಿಕೊಂಡು, ಮೊಳೆ ಹೆಕ್ಕುವ ಚಿಮಟದಿಂದ ಒಂದೊಂದೇ ಹಾಳೆಯ ತುದಿ ಬಿಡಿಸಿದರು. ನಾನು ಅವಸರ ಮಾಡಿದಾಗ, “ಒತ್ತಬ್ಯಾಡ ತಂಗಿ, ಹಾಳಿ ಹರೀತಾವ. ನೀರು ತಾನ ಇಳೀಲಿ” ಎಂದರು.

ನಡುರಾತ್ರಿಯ ಹೊತ್ತಿಗೆ ಪೆಟ್ಟಿಗೆಯ ತಳದಲ್ಲಿ ನಮ್ಮವರ ರಿಜಿಸ್ಟರು ಸಿಕ್ಕಿತು. ಪ್ರತಿ ಲೇಖಕರಿಗೂ ಕೇಳಬೇಕಾದ ಪ್ರಶ್ನೆಗಳನ್ನು ಅವರು ಶಾಯಿ ಪೆನ್ನಿನಲ್ಲಿ ಬರೆದಿಟ್ಟಿದ್ದರು. ಪುಟಗಳು ನೀಲಿ ನೀರಾಗಿದ್ದವು. ಆ ಕೈಬರಹ ಇನ್ನೊಮ್ಮೆ ಹುಟ್ಟುವುದಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಸಿದು, ಶ್ರಾವಣದಲ್ಲೂ ಬಾರದಿದ್ದ ಅಳುವನ್ನು ಅತ್ತೆ.

ಕಾಕಾ ಸಮಾಧಾನದ ಮಾತು ಆಡಲಿಲ್ಲ. ರಿಜಿಸ್ಟರನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಬರಹವಿದ್ದ ಪುಟ ಹೋಗಿತ್ತು, ಆದರೆ ಎದುರಿನ ಖಾಲಿ ಪುಟಕ್ಕೆ ಶಾಯಿ ತಿರುಮುರುವಾಗಿ ಹತ್ತಿತ್ತು. ಬದುಕಿಡೀ ತಿರುಮುರುವಾದ ಮೊಳೆಗಳನ್ನೇ ಓದಿದ ಕಣ್ಣು ಅದು. “ಬರ್ಕೋ” ಎಂದು ಅವರು ಒಂದೊಂದೇ ಅಕ್ಷರ ಬಿಡಿಸುತ್ತಾ ಹೋದರು; ನಾಲ್ಕು ಗಂಟೆಯವರೆಗೂ ನಾನು ಬರೆದುಕೊಂಡೆ. ಕೆಲವು ಸಾಲುಗಳು ಸಿಗಲಿಲ್ಲ.

ಶನಿವಾರ ಆ ಪ್ರಶ್ನೆಗಳನ್ನೇ ಕೇಳಿದೆ. ರೊಟ್ಟಿ ತಟ್ಟುವವರನ್ನು ಕೇಳದೆ ತಳಿಯ ಗುಣ ಬರೆಯಲಾದೀತೇ ಎಂಬ ಪ್ರಶ್ನೆಗೆ ರೈತ ಲೇಖಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾಲ್ದಂಡಿ ಜೋಳದ ಹಿಟ್ಟಿನ ಜಿಗಿಯನ್ನು ತಮಗೆ ಕಲಿಸಿದ್ದು ತಮ್ಮ ಅವ್ವನ ಬೆರಳುಗಳೆಂದೂ, ಆಕೆಯ ಹೆಸರನ್ನು ಪುಸ್ತಕದಲ್ಲಿ ಬರೆಯದೇ ಹೋದೆನೆಂದೂ ಹೇಳಿದರು. ಹಿಂದಿನ ಸಾಲಿನಲ್ಲಿ ಕಾಕಾ ಕುಳಿತಲ್ಲೇ ನಿದ್ದೆ ಹೋಗಿದ್ದರು.

ಶಾಲು, ಹಾರ ಯಾವುದನ್ನೂ ಅವರು ಒಪ್ಪಲಿಲ್ಲ. ಅವರ ಚಿಮಟ ನನ್ನ ಚೀಲದಲ್ಲೇ ಉಳಿದಿದೆ. ಈ ವಾರ ಅದನ್ನು ಕೊಟ್ಟು, ಸಿಗದೇ ಹೋದ ಸಾಲುಗಳ ಪುಟಗಳನ್ನು ಹಗಲು ಬೆಳಕಿನಲ್ಲಿ ಇನ್ನೊಮ್ಮೆ ಅವರ ಮುಂದಿಡುತ್ತೇನೆ.