ಮಗಳಿಗೊಂದು ಪತ್ರ: ನಿನ್ನ ಹೆಸರು ಯಾರದು?

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ.

ನಿನ್ನೆ ರಾತ್ರಿ ನೀನು ಕಳಿಸಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮೊದಲ ಸಲ ಹಿಂದಿನ ಕುಕ್ಕರ್ ಸೀಟಿಯಲ್ಲಿ ಅರ್ಧ ಮಾತು ಮುಳುಗಿ ಹೋಗಿತ್ತು. ರೂಮ್‌ಮೇಟ್ ಕೇಳಿದಳಂತೆ, "ನೀವು ಯೇಸುವನ್ನು ನಂಬ್ತೀರಾ?" ಅಂತ. ನೀನು ಹೌದು ಅಂದೆಯಂತೆ. "ಹಾಗಾದ್ರೆ ಕ್ರಿಸ್‌ಮಸ್‌ಗೆ ಚರ್ಚಿಗೆ ಯಾಕೆ ಬರಲ್ಲ?" ಅಂದಾಗ ನಿನಗೆ ಉತ್ತರ ಹೊಳೆಯಲಿಲ್ಲವಂತೆ. ಅವಳ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆಗೆ, ಕೈ ಜೋಡಿಸಬಹುದಾ ಅಂತಲೂ ಕೇಳಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ನೀನು ಅರ್ಧಕ್ಕೇ "ಆಯ್ತುಮ್ಮಾ, ಆಯ್ತು" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೌದು ಅಂದದ್ದು ಸರಿ. ಅವಳ ಎರಡನೇ ಪ್ರಶ್ನೆಯೂ ಸರಿಯೇ. "ಎಲ್ಲಾ ಒಂದೇ ಕಣೇ" ಅಂತ ಜಾರಿಕೊಳ್ಳದೆ ಸುಮ್ಮನಾದೆಯಲ್ಲ, ಅದು ನನಗೆ ಇಷ್ಟವಾಯ್ತು. ಆ ಮಾತು ಕೇಳಲು ಚೆಂದ. ಆದರೆ ಅದನ್ನು ಹೇಳಿದ ಮೇಲೆ ಯಾರೂ ಯಾರ ಬಗ್ಗೆಯೂ ಏನೂ ತಿಳಿದುಕೊಳ್ಳುವುದಿಲ್ಲ.

ಮದ್ರಸದಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಅಲ್ಲಾಹನಲ್ಲಿ, ಮಲಕ್‌ಗಳಲ್ಲಿ (ದೇವದೂತರಲ್ಲಿ), ಗ್ರಂಥಗಳಲ್ಲಿ, ಪ್ರವಾದಿಗಳಲ್ಲಿ ನಂಬಿಕೆ ಅಂತ ಎಣಿಸಿ ಎಣಿಸಿ ಹೇಳುತ್ತಿದ್ದೆ. ಅಲ್ಲಿ "ಪ್ರವಾದಿಯಲ್ಲಿ" ಅಂತ ಇಲ್ಲ, "ಪ್ರವಾದಿಗಳಲ್ಲಿ" ಅಂತ ಇದೆ. ಕುರ್‌ಆನಿನಲ್ಲಿ 25 ನಬಿಗಳ, ಅಂದರೆ ಪ್ರವಾದಿಗಳ, ಹೆಸರು ಬರುತ್ತದೆ. ಅವರಲ್ಲಿ ಹೆಚ್ಚಿನವರು ಬೈಬಲಿನಲ್ಲೂ ಇದ್ದಾರೆ. ಇವರಲ್ಲಿ ಒಬ್ಬರನ್ನು ಒಪ್ಪುತ್ತೇನೆ, ಇನ್ನೊಬ್ಬರನ್ನು ಬಿಡುತ್ತೇನೆ ಅನ್ನುವ ಹಾಗಿಲ್ಲ. ಈಸಾ ನಬಿಯನ್ನು, ಅಂದರೆ ಯೇಸುವನ್ನು, ಒಪ್ಪದವರು ಮುಸ್ಲಿಮರಾಗಿ ಉಳಿಯುವುದಿಲ್ಲ. ಮುಹಮ್ಮದ್ ಅನ್ನುವ ಹೆಸರು ಕುರ್‌ಆನಿನಲ್ಲಿ 4 ಕಡೆ ಮಾತ್ರ ಇದೆ. ಈಸಾ ಅಂತ 25 ಕಡೆ, ಮೂಸಾ (ಮೋಶೆ) ಅಂತ 130ಕ್ಕಿಂತ ಜಾಸ್ತಿ. ನಿನ್ನ ಹೆಸರು 34 ಸಲ. ಇಡೀ ಕುರ್‌ಆನಿನಲ್ಲಿ ಹೆಸರು ಹೇಳಿ ಕರೆದಿರುವ ಹೆಂಗಸು ಈಸಾ ನಬಿಯ ತಾಯಿ ಮರಿಯಮ್ ಬೀವಿ ಒಬ್ಬರೇ.

ಈ ವಿಷಯ ನನಗೆ ಗೊತ್ತಾದದ್ದು ಪುಸ್ತಕದಿಂದ ಅಲ್ಲ, ಕಬ್ಬಿನ ತುಂಡಿನಿಂದ. ನಮ್ಮ ಹಳೇ ಮನೆಯ ಪಕ್ಕದಲ್ಲಿ ಒಬ್ಬರು ಕ್ರೈಸ್ತ ಹೆಂಗಸು, ಬಾಯಮ್ಮ, ಇದ್ದರು. ಸೆಪ್ಟೆಂಬರ್ 8ಕ್ಕೆ ಅವರ ತೆನೆ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಅವರ ಮಕ್ಕಳು ನಮ್ಮ ಬೇಲಿಯ ದಾಸವಾಳವನ್ನೂ ಬಿಡದೆ ಕಿತ್ತು ಬುಟ್ಟಿ ತುಂಬಿಸಿಕೊಂಡು ಇಗರ್ಜಿಗೆ ಓಡುತ್ತಿದ್ದರು. ಹಬ್ಬದ ದಿನ ಬಾಯಮ್ಮ ಕಬ್ಬು ಹಿಡಿದುಕೊಂಡು ಬಂದರು. ನನ್ನ ಅಜ್ಜಿ "ಇವತ್ತು ಯಾರ ಹಬ್ಬ?" ಅಂತ ಕೇಳಿದರು. "ಮರಿಯಮ್ಮ ಹುಟ್ಟಿದ ದಿನ" ಅಂದರು ಬಾಯಮ್ಮ. "ನಮ್ಮ ಮರಿಯಮ್ ಬೀವಿಯಾ?" ಅಂದರು ಅಜ್ಜಿ. ಬಾಯಮ್ಮ ಕಬ್ಬು ಕೊಡುವುದನ್ನು ಮರೆತು ಅಲ್ಲೇ ಜಗಲಿಯಲ್ಲಿ ಕೂತುಬಿಟ್ಟರು.

ಆಮೇಲೆ ಒಂದು ಗಂಟೆ ಇಬ್ಬರದೂ ಮಾತು. ಅಜ್ಜಿ ಮರಿಯಮ್ ಬೀವಿಯ ತಾಯಿಯ ಕಥೆ ಹೇಳಿದರು. ಹೊಟ್ಟೆಯಲ್ಲಿರುವ ಮಗುವನ್ನು ದೇವರ ಸೇವೆಗೆ ಬಿಡುತ್ತೇನೆ ಅಂತ ಆ ತಾಯಿ ಹರಕೆ ಹೊತ್ತಿದ್ದರು. ಗಂಡು ಅಂದುಕೊಂಡಿದ್ದರು, ಹೆಣ್ಣು ಹುಟ್ಟಿತು. "ರಬ್ಬೇ, ನಾನು ಹೆಣ್ಣು ಹೆತ್ತೆನಲ್ಲ" ಅಂದರು. ಹೆತ್ತದ್ದು ಏನು ಅಂತ ಅಲ್ಲಾಹನಿಗೆ ಚೆನ್ನಾಗಿ ಗೊತ್ತಿತ್ತು ಅನ್ನುತ್ತದೆ ಕುರ್‌ಆನ್. ಆ ಮಗುವನ್ನು ಝಕರಿಯಾ ನಬಿ ಸಾಕಿದರು. ಅವರು ಮಗುವಿದ್ದ ಮಿಹ್ರಾಬಿಗೆ, ಅಂದರೆ ಪ್ರಾರ್ಥನೆಯ ಕೋಣೆಗೆ, ಹೋದಾಗಲೆಲ್ಲ ಮಗುವಿನ ಹತ್ತಿರ ಊಟ ಇರುತ್ತಿತ್ತು. "ಇದು ಎಲ್ಲಿಂದ ಬಂತು?" ಅಂದರೆ, "ಅಲ್ಲಾಹನ ಕಡೆಯಿಂದ" ಅನ್ನುತ್ತಿತ್ತು ಮಗು.

ಬಾಯಮ್ಮ ಎಲ್ಲಾ ಕೇಳಿ, "ಜೋಸೆಫ್ ಎಲ್ಲಿ?" ಅಂದರು. "ನಮ್ಮ ಯೂಸುಫ್ ನಬಿ ಬೇರೆ, ಅವರು ಮಿಸ್ರಿನಲ್ಲಿದ್ದವರು" ಅಂದರು ಅಜ್ಜಿ. ಮಿಸ್ರ್ ಅಂದರೆ ಈಜಿಪ್ಟ್. "ಅವನಲ್ಲ, ಬಡಗಿ ಜೋಸೆಫ್!" ನಮ್ಮಲ್ಲಿ ಬಡಗಿ ಜೋಸೆಫ್ ಇಲ್ಲವೇ ಇಲ್ಲ. ಕುರ್‌ಆನಿನ ಮರಿಯಮ್ ಒಬ್ಬಂಟಿ. ಬಾಯಮ್ಮನಿಗೆ ಅದು ಬಹಳ ಬೇಜಾರಾಯ್ತು. "ಪಾಪ, ಹೆರಿಗೆ ಹೊತ್ತಲ್ಲಿ ಜೊತೆಗೆ ಒಬ್ಬರೂ ಇಲ್ಲವಾ?" ಅಂತ ಎರಡೆರಡು ಸಲ ಕೇಳಿದರು.

ಆ ಒಂಟಿತನ ನನಗೆ ಅರ್ಥವಾದದ್ದು ನೀನು ಹುಟ್ಟುವಾಗ. ಕುರ್‌ಆನಿನ ಸೂರಃ ಮರಿಯಮ್ ಅಧ್ಯಾಯದಲ್ಲಿ ಹೆರಿಗೆ ನೋವು ಅವರನ್ನು ಖರ್ಜೂರದ ಮರದ ಬುಡಕ್ಕೆ ಎಳೆದು ತರುತ್ತದೆ. "ಇದಕ್ಕೆ ಮೊದಲೇ ನಾನು ಸತ್ತು ಹೋಗಬಾರದಿತ್ತಾ, ಎಲ್ಲರೂ ನನ್ನನ್ನು ಮರೆತೇ ಬಿಡಬಾರದಿತ್ತಾ" ಅನ್ನುತ್ತಾರೆ. ಅಷ್ಟು ದೊಡ್ಡ ಹೆಂಗಸಿನ ಬಾಯಲ್ಲಿ ಇಂಥ ಮಾತಾ ಅಂತ ಚಿಕ್ಕವಳಿದ್ದಾಗ ಅನಿಸಿತ್ತು. ಲೇಬರ್ ವಾರ್ಡಿನಲ್ಲಿ ರಾತ್ರಿ ಮೂರು ಗಂಟೆಗೆ ಹಾಗೆ ಅನಿಸಲಿಲ್ಲ. ಆಗ ಕೆಳಗಿನಿಂದ ಒಂದು ದನಿ ಬರುತ್ತದೆ: ದುಃಖ ಪಡಬೇಡ, ನಿನ್ನ ಕಾಲ ಬುಡದಲ್ಲಿ ತೊರೆ ಹರಿಯುತ್ತಿದೆ, ಖರ್ಜೂರದ ಮರ ಅಲ್ಲಾಡಿಸು, ಹಣ್ಣು ಉದುರುತ್ತದೆ, ತಿನ್ನು, ಕುಡಿ. ಹೆರಿಗೆ ನೋವಿನಲ್ಲಿರುವ ಹೆಂಗಸು ಮರ ಅಲ್ಲಾಡಿಸುವುದೆಂದರೇನು! ಊರಿಗೆ ಬಂದಾಗ ನಮ್ಮ ಹಿತ್ತಲಿನ ತೆಂಗಿನ ಮರವನ್ನೊಮ್ಮೆ ಅಲ್ಲಾಡಿಸಿ ನೋಡು. ಆದರೂ ಕೈ ಹಾಕು ಅಂತಾನೆ ಅಲ್ಲಾಹ್. ನಿನ್ನ ಮುತ್ತಜ್ಜಿ ಒಂಬತ್ತನೇ ತಿಂಗಳಿಡೀ ನನ್ನ ಬಾಯಿಗೆ ಖರ್ಜೂರ ತುರುಕಿದ್ದು ಈ ಲೆಕ್ಕದಲ್ಲೇ. ನೀನು ಹುಟ್ಟಿದಾಗ ಹೆಣ್ಣಾ ಅಂತ ಒಂದಿಬ್ಬರು ಮುಖ ಸಣ್ಣ ಮಾಡಿದರು. ಮುತ್ತಜ್ಜಿ ಅಲ್ಲೇ ನಿನಗೆ ಹೆಸರಿಟ್ಟುಬಿಟ್ಟರು. ಮುಂದೆ ಯಾರೂ ಮಾತಾಡಲಿಲ್ಲ.

ಇನ್ನು ನಿನ್ನ ಗೆಳತಿಯ ಪ್ರಶ್ನೆ. ಮರಿಯಮ್ ಬೀವಿ ಮಗುವನ್ನು ಎತ್ತಿಕೊಂಡು ಊರಿಗೆ ಬಂದಾಗ ಜನ ಬಾಯಿಗೆ ಬಂದದ್ದು ಅಂದರು. ಅವರು ಏನೂ ಹೇಳದೆ ಮಗುವಿನ ಕಡೆ ಕೈ ತೋರಿಸಿದರು. ತೊಟ್ಟಿಲ ಕೂಸು ಮಾತಾಡಿತು. ಮೊದಲ ಮಾತೇ, "ನಾನು ಅಲ್ಲಾಹನ ದಾಸ." ನಾವು ಮತ್ತು ಕ್ರೈಸ್ತರು ಬೇರೆಯಾಗುವುದು ಇಲ್ಲೇ. ತಂದೆ ಇಲ್ಲದೆ ಹುಟ್ಟಿದ್ದು, ಕುರುಡರಿಗೆ ಕಣ್ಣು ಕೊಟ್ಟದ್ದು, ಕುಷ್ಠ ವಾಸಿ ಮಾಡಿದ್ದು, ಸತ್ತವರನ್ನು ಎಬ್ಬಿಸಿದ್ದು, ಎಲ್ಲವನ್ನೂ ನಾವು ಒಪ್ಪುತ್ತೇವೆ, ಅಲ್ಲಾಹನ ಅಪ್ಪಣೆಯಿಂದ ಆಯ್ತು ಅಂತ. ಅಲ್‌ಮಸೀಹ್, ಅಂದರೆ ಮೆಸ್ಸೀಯ, ಅಂತಲೂ ಕರೆಯುತ್ತೇವೆ. ಮತ್ತೆ ಬರುತ್ತಾರೆ ಅಂತಲೂ ನಂಬುತ್ತೇವೆ. ಆದರೆ ದೇವರ ಮಗ ಅನ್ನುವುದಿಲ್ಲ. ಶಿಲುಬೆಯ ಮೇಲೆ ಸತ್ತರು ಅಂತಲೂ ಒಪ್ಪುವುದಿಲ್ಲ. ಜನರಿಗೆ ಹಾಗೆ ಕಾಣುವಂತೆ ಆಯಿತು, ಅಲ್ಲಾಹ್ ಈಸಾರನ್ನು ತನ್ನ ಕಡೆಗೆ ಎತ್ತಿಕೊಂಡ ಅನ್ನುತ್ತದೆ ಕುರ್‌ಆನ್. ಕ್ರೈಸ್ತರಿಗೆ ಆ ಸಾವು ಮತ್ತು ಮೂರನೇ ದಿನ ಎದ್ದು ಬಂದದ್ದೇ ನಂಬಿಕೆಯ ಬೇರು. ಇದು ಸಣ್ಣ ವ್ಯತ್ಯಾಸ ಅಲ್ಲ. ಸಣ್ಣದು ಅಂತ ತೋರಿಸಲು ಹೋಗಬೇಡ, ಅವಳಿಗೂ ಅದು ಹಿಡಿಸಲಿಕ್ಕಿಲ್ಲ.

ಇದೇ ಮಾತುಕತೆ 1400 ವರ್ಷ ಹಿಂದೆ ಒಬ್ಬ ರಾಜನ ಎದುರು ನಡೆದಿದೆ. ಸುಮಾರು 615ರಲ್ಲಿ ಮಕ್ಕಾದ ಕಾಟ ತಡೆಯದೆ ಕೆಲವು ಮುಸ್ಲಿಮರು ಸಮುದ್ರ ದಾಟಿ ಅಬಿಸೀನಿಯಕ್ಕೆ, ಅಂದರೆ ಈಗಿನ ಇಥಿಯೋಪಿಯಾ ಕಡೆಗೆ ಹೋದರು. ಅಲ್ಲಿನ ರಾಜ ನಜಾಶಿ ಕ್ರೈಸ್ತ. ಇವರನ್ನು ವಾಪಸ್ ಕೊಡಿ ಅಂತ ಮಕ್ಕಾದವರು ಕಾಣಿಕೆ ಹಿಡಿದು ದೂತರನ್ನು ಕಳಿಸಿದರು. ರಾಜ ಎರಡೂ ಕಡೆಯವರನ್ನು ಕರೆಸಿದ. ಮುಹಮ್ಮದ್ ನಬಿಯವರ ದೊಡ್ಡಪ್ಪ ಅಬೂತಾಲಿಬರ ಮಗ ಜಅಫರ್ ಎದ್ದು ನಿಂತು ಸೂರಃ ಮರಿಯಮ್ ಓದಿದರು. ರಾಜನ ಗಡ್ಡ ಕಣ್ಣೀರಿನಲ್ಲಿ ಒದ್ದೆಯಾಯ್ತಂತೆ. ಮಕ್ಕಾದವರು ಬಿಡಲಿಲ್ಲ. ಮರುದಿನ, "ಇವರು ಈಸಾ ಬಗ್ಗೆ ಏನು ಹೇಳ್ತಾರೆ ಕೇಳಿ ನೋಡಿ" ಅಂತ ಕಡ್ಡಿ ಆಡಿಸಿದರು. ಜಅಫರ್ ಹೆದರಿ ಮಾತು ತಿರುಗಿಸಬಹುದಿತ್ತು, ಅಲ್ವಾ? ಪ್ರಾಣ ಹೋಗುವ ಹೊತ್ತು. ಅವರು ನೇರವಾಗಿ, "ಅಲ್ಲಾಹನ ದಾಸ, ಅವನ ರಸೂಲ್ (ಸಂದೇಶವಾಹಕ), ಮರಿಯಮ್‌ಗೆ ಕೊಟ್ಟ ಅವನ ವಚನ" ಅಂದರು. ರಾಜ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು, ನೀವು ಹೇಳಿದ್ದಕ್ಕೂ ಈಸಾರಿಗೂ ಈ ಕಡ್ಡಿಯಷ್ಟೂ ಅಂತರ ಇಲ್ಲ ಅಂದನಂತೆ. ಸಭೆಯಲ್ಲಿದ್ದವರು ಗೊಣಗಿದರು. ಆದರೂ ರಾಜ ಆಶ್ರಯ ಕೇಳಿ ಬಂದವರನ್ನು ಬಿಟ್ಟುಕೊಡಲಿಲ್ಲ. ಮುಂದೆ ಅವನು ತೀರಿಕೊಂಡ ಸುದ್ದಿ ಬಂದಾಗ ನಬಿಯವರು ಮದೀನಾದಲ್ಲೇ ಅವನಿಗಾಗಿ ಮಯ್ಯಿತ್ ನಮಾಝ್, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ, ಮಾಡಿದರು.

ಯಹೂದಿಗಳ ವಿಷಯ ನಮ್ಮ ಕಡೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅವರ ಪರಿಚಯವೇ ನಮಗಿಲ್ಲ. ಆದರೆ ನೀನು ಅವರ ದೇವಾಲಯ ನೋಡಿದ್ದೀಯ. ಆರನೇ ಕ್ಲಾಸಿನ ರಜೆಯಲ್ಲಿ ಕೊಚ್ಚಿಗೆ ಹೋಗಿದ್ದೆವಲ್ಲ, ಮಟ್ಟಂಚೇರಿಯಲ್ಲಿ 1568ರಲ್ಲಿ ಕಟ್ಟಿದ್ದು. ಬಾಗಿಲಲ್ಲೇ ಚಪ್ಪಲಿ ಬಿಡಿ ಅಂದರು. ಒಳಗೆ ಚೀನಾದ ನೀಲಿ ಚಿತ್ರದ ಹಂಚುಗಳ ನೆಲ, ಬರಿಗಾಲಿಗೆ ತಣ್ಣಗೆ. ನೀನು "ಇಲ್ಲೂ ಪಳ್ಳಿಯ (ಮಸೀದಿಯ) ಹಾಗೇನಾ?" ಅಂದೆ. ತೂರ್ ಬೆಟ್ಟದ ಹತ್ತಿರ ಬೆಂಕಿ ಕಂಡು ಹೋದ ಮೂಸಾ ನಬಿಗೆ ಮೊದಲು ಕೇಳಿಸಿದ ಅಪ್ಪಣೆ, ಚಪ್ಪಲಿ ಕಳಚು, ನೀನು ಪವಿತ್ರ ಕಣಿವೆಯಲ್ಲಿದ್ದೀಯ ಅಂತ. ಯಹೂದಿಗಳ ಗ್ರಂಥ ತೌರಾತಿನಲ್ಲೂ ಇದೆ, ಕುರ್‌ಆನಿನಲ್ಲೂ ಇದೆ. ಕೊಚ್ಚಿಯ ಆ ದೇವಾಲಯದ ಕಪಾಟಿನೊಳಗಿದ್ದ ಸುರುಳಿಗಳು ಆ ತೌರಾತೇ. ಮೂಸಾ ನಬಿಗೆ ತೌರಾತ್, ದಾವೂದ್ ನಬಿಗೆ ಝಬೂರ್, ಈಸಾ ನಬಿಗೆ ಇಂಜೀಲ್ ಎಂಬ ಗ್ರಂಥ ಇಳಿಯಿತು ಅಂತ ನಾವು ನಂಬುತ್ತೇವೆ. ಆದರೆ ಈಗ ಕೈಯಲ್ಲಿರುವುದು ಇಳಿದ ಹಾಗೇ ಉಳಿದಿಲ್ಲ ಅನ್ನುತ್ತೇವೆ. ಅವರು ಇದನ್ನು ಒಪ್ಪುವುದಿಲ್ಲ.

ಮೂಸಾ ನಬಿ ಅಂದರೆ ನನಗೆ ವಿಶೇಷ ಪ್ರೀತಿ. ಆಕಾಶಕ್ಕೆ ಏರಿದ ಮಿಅರಾಜ್ ರಾತ್ರಿ ನಮ್ಮ ನಬಿ ಎರಡನೇ ಆಕಾಶದಲ್ಲಿ ಈಸಾ ಮತ್ತು ಯಹ್ಯಾರನ್ನು ಕಂಡರು, ಆರನೆಯದರಲ್ಲಿ ಮೂಸಾರನ್ನು, ಏಳನೆಯದರಲ್ಲಿ ಇಬ್ರಾಹೀಮರನ್ನು. ದಿನಕ್ಕೆ 50 ನಮಾಝ್ ಕಡ್ಡಾಯ ಅಂತ ಆಗಿತ್ತು. ಇಳಿದು ಬರುವಾಗ ಮೂಸಾ ತಡೆದು, "ನಿಮ್ಮ ಜನಕ್ಕೆ ಆಗೋದಿಲ್ಲ, ನಾನು ಬನೀ ಇಸ್ರಾಯೀಲರನ್ನು ನೋಡಿದವನು, ಹಿಂದೆ ಹೋಗಿ ಕಡಿಮೆ ಮಾಡಿಸಿ" ಅಂದರು. ಹಾಗೆ ಮತ್ತೆ ಮತ್ತೆ ಕಳಿಸಿ ಐದಕ್ಕೆ ಇಳಿಸಿದರು. ಬೆಳಗಿನ ಸುಬಹಿ ನಮಾಝಿಗೆ ಇಟ್ಟ ಅಲಾರಂ ಆಫ್ ಮಾಡಿ ಮಲಗುವವಳು ನೀನು. ಮೂಸಾ ನಬಿಗೆ ಒಂದು ಸಲಾಂ ಹೇಳು.

ನಬಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಮುಹರ್ರಮ್ 10ಕ್ಕೆ ಉಪವಾಸ ಇದ್ದರು. ಈಜಿಪ್ಟಿನ ದೊರೆ ಫಿರ್‌ಔನನಿಂದ ಮೂಸಾ ಪಾರಾದ ದಿನ ಅಂತ. "ಮೂಸಾರಿಗೆ ನಿಮಗಿಂತ ನಾವು ಹತ್ತಿರದವರು" ಅಂತ ನಬಿಯವರೂ ಉಪವಾಸ ಹಿಡಿದರು. ಮುಂದೆ, ಬದುಕಿದ್ದರೆ ಬರುವ ವರ್ಷ 9ಕ್ಕೂ ಹಿಡಿಯುತ್ತೇನೆ ಅಂದರು, ಅವರದೇ ಥರ ಆಗದಿರಲಿ ಅಂತ. ಹತ್ತಿರವೂ ಹೌದು, ಬೇರೆಯೂ ಹೌದು. ನಾವು ಆ ಎರಡು ದಿನ ಉಪವಾಸ ಹಿಡಿಯುವುದು ಇದಕ್ಕೇ.

ಇನ್ನೊಂದು ವ್ಯತ್ಯಾಸ ಜನಕ್ಕೆ ಅಷ್ಟು ಗೊತ್ತಿಲ್ಲ. ಬೈಬಲ್ ಓದಿದಾಗ ನನಗೆ ತಬ್ಬಿಬ್ಬಾಗಿತ್ತು. ಅಲ್ಲಿ ಚಿನ್ನದ ಕರು ಮಾಡಿಕೊಟ್ಟವನು ಮೋಶೆಯ ಅಣ್ಣ ಆರೋನನೇ. ನಮ್ಮಲ್ಲಿ ಅದೇ ಆರೋನ, ಹಾರೂನ್ ನಬಿ, ಬೇಡ ಅಂತ ತಡೆದವರು, ಕರು ಮಾಡಿದವನು ಸಾಮಿರಿ ಅನ್ನುವವನು. ಅಲ್ಲಿ ಸೊಲೊಮೋನ ಮುಪ್ಪಿನಲ್ಲಿ ಹೆಂಡತಿಯರ ಮಾತು ಕೇಳಿ ಬೇರೆ ದೇವರ ಕಡೆ ವಾಲುತ್ತಾನೆ. ನಮ್ಮಲ್ಲಿ ಅವರೇ ಸುಲೈಮಾನ್ ನಬಿ. ಅವರು ಕುಫ್ರ್, ಅಂದರೆ ದೇವರ ನಿರಾಕರಣೆ, ಮಾಡಲಿಲ್ಲ ಅಂತ ಕುರ್‌ಆನ್ ಖಡಾಖಂಡಿತ ಹೇಳುತ್ತದೆ. ನಬಿಗಳು ದೊಡ್ಡ ಪಾಪದಿಂದ ದೂರ ಅನ್ನುವುದು ನಮ್ಮ ನಂಬಿಕೆ. ಹಾಗಂತ ಅವರು ಕಲ್ಲಿನ ಬೊಂಬೆಗಳಲ್ಲ. ಮೂಸಾರ ಒಂದೇ ಗುದ್ದಿಗೆ ಒಬ್ಬ ಸತ್ತು, ಅವರು ತೌಬಾ ಮಾಡುತ್ತಾರೆ, ಅಂದರೆ ಕ್ಷಮೆ ಬೇಡುತ್ತಾರೆ. ಯೂನುಸ್ ಸಿಟ್ಟಿನಲ್ಲಿ ಊರು ಬಿಟ್ಟು ಮೀನಿನ ಹೊಟ್ಟೆ ಸೇರುತ್ತಾರೆ. ನೂಹ್ ನಬಿ ಹಡಗಿನಿಂದ ಮಗನನ್ನು ಕೂಗುತ್ತಾರೆ, "ಮಗನೇ, ಹತ್ತು, ನಮ್ಮ ಜೊತೆ ಬಾ." ಅವನು ಬೆಟ್ಟ ಹತ್ತಿ ಉಳಿಯುತ್ತೇನೆ ಅನ್ನುತ್ತಾನೆ. ಇಬ್ಬರ ನಡುವೆ ಒಂದು ಅಲೆ ಬರುತ್ತದೆ. ಮುಳುಗಿದ ಈ ಮಗ ಬೈಬಲಿನಲ್ಲಿ ಇಲ್ಲ. ಆ ಆಯತ್ತನ್ನು (ಕುರ್‌ಆನಿನ ವಾಕ್ಯವನ್ನು) ನಾನು ಇವತ್ತಿಗೂ ಗಂಟಲು ಕಟ್ಟದೆ ಓದಿಲ್ಲ.

ಬಕ್ರೀದಿನ ಮಗನ, ಅಂದರೆ ಇಬ್ರಾಹೀಮ್ ನಬಿ ಬಲಿ ಕೊಡಲು ಹೊರಟ ಮಗನ, ವಿಷಯವನ್ನೂ ಅವಳು ಕೇಳಿಯೇ ಕೇಳುತ್ತಾಳೆ. ಬೈಬಲಿನಲ್ಲಿ ಇಸಾಕ, ನಾವು ಇಸ್ಮಾಯೀಲ್ ಅನ್ನುತ್ತೇವೆ. ಕುರ್‌ಆನ್ ಆ ಕಡೆ ಹೆಸರೇ ಹೇಳಿಲ್ಲ. ಹಿಂದಿನ ಕಾಲದಲ್ಲಿ ತಬರಿಯಂಥ ದೊಡ್ಡ ಆಲಿಮರೇ (ಧರ್ಮ ಪಂಡಿತರೇ) ಇಸ್‌ಹಾಕ್ ಅಂದಿದ್ದರು. ಇದಕ್ಕಾಗಿ ಜಗಳ ಬೇಡ. ಇಬ್ಬರೂ ನಮ್ಮ ನಬಿಗಳೇ.

ಕೊನೆಗೆ ನೀನು ಕೇಳಿದ ಗೋದಲಿ. ಹುಲ್ಲು ಹಾಸು, ಲೈಟ್ ಕಟ್ಟು, ನಕ್ಷತ್ರ ಕತ್ತರಿಸಿ ಕೊಡು. ಬೊಂಬೆಗೆ ಬಣ್ಣ ಹಚ್ಚುವುದನ್ನು ಮಾತ್ರ ಅವಳಿಗೇ ಬಿಡು. ನಾವು ಯಾವ ನಬಿಯ ರೂಪವನ್ನೂ ಮಾಡುವುದಿಲ್ಲ, ಈಸಾ ನಬಿಯದನ್ನೂ ಮಾಡುವುದಿಲ್ಲ. ಅವಳಿಗೆ ಅದನ್ನೇ ಹೇಳು, ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಉಸ್ತಾದರನ್ನು ಕೇಳಿದರೆ ಹುಲ್ಲೂ ಬೇಡ ಅಂದಾರು. ಇದು ನಿನ್ನ ಉಮ್ಮ ಹೇಳಿದ್ದು.

ನಾಳೆ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ. ಖರ್ಜೂರ ಎರಡು ಡಬ್ಬ, ಒಂದು ಅವಳಿಗೆ. ಮುಚ್ಚಳ ಗಟ್ಟಿ ಹಾಕು, ನಿಮ್ಮ ರೂಮಿನಲ್ಲಿ ಇರುವೆ ಜಾಸ್ತಿ. ಮರಿಯಮ್ ಬೀವಿಯ ಜೊತೆ ಹೆರಿಗೆಯಲ್ಲಿ ಯಾರಿದ್ದರು ಅಂತ ಅವಳ ಮನೆಯಲ್ಲಿ ಹೇಗೆ ಹೇಳುತ್ತಾರೋ ಕೇಳಿ ನನಗೆ ತಿಳಿಸು. ಬಾಯಮ್ಮನ ಹತ್ತಿರ ಆವತ್ತು ಅಜ್ಜಿ ಅದನ್ನು ಕೇಳಲೇ ಇಲ್ಲ.

ನಿನ್ನ ಉಮ್ಮ