ಗ್ವಾಲಿಯರ್ ದೊರೆಗೂ ಕಿತ್ತೂರಿನ ತಕ್ಕಡಿಯೇ ಇರಲಿ

ಮಾನ್ಯರೆ,

ಭಾಷಣ ಸ್ಪರ್ಧೆಗೆಂದು ಝಾನ್ಸಿ ರಾಣಿಯ ಕಥೆ ಬಾಯಿಪಾಠ ಮಾಡುತ್ತಿದ್ದ ನನ್ನ ಮೊಮ್ಮಗಳು ಮೊನ್ನೆ ಕಟ್ಟೆಯ ಮೇಲೆ ನಿಂತು ‘ದೇಶದ್ರೋಹಿ ಸಿಂಧಿಯಾ!’ ಎಂದು ಮುಷ್ಟಿ ಎತ್ತಿದಳು. ಹಾಳೆ ಇಸಿದುಕೊಂಡು ನೋಡಿದೆ. ಗ್ವಾಲಿಯರ್ ದೊರೆ ಜಯಾಜಿರಾವ್ ಸಿಂಧಿಯಾ ಬಗ್ಗೆ ಇದ್ದದ್ದು ಅದೊಂದೇ ಸಾಲು. ಮೂವತ್ತು ವರ್ಷ ಇತಿಹಾಸ ಕಲಿಸಿದ ನನಗೆ ಸಂಕಟವಾಯಿತು.

1858ರ ಜೂನ್ 1ರಂದು ಮೊರಾರ್ ಬಳಿ ಆತ ಲಕ್ಷ್ಮೀಬಾಯಿ, ತಾತ್ಯಾ ಟೋಪೆಯವರ ದಂಡಿಗೆ ಎದುರು ನಿಂತದ್ದು ನಿಜ. ಅವನ ಸಿಪಾಯಿಗಳೇ ಆ ಕಡೆ ಸೇರಿದಾಗ ಆಗ್ರಾಕ್ಕೆ ಓಡಿದ. ಅದೇ ತಿಂಗಳು ರಾಣಿ ಗ್ವಾಲಿಯರ್ ಹತ್ತಿರ ಪ್ರಾಣಬಿಟ್ಟಳು. ಇವನನ್ನು ಬ್ರಿಟಿಷರು ಮತ್ತೆ ಗಾದಿಗೆ ಕೂರಿಸಿದರು. ಇದನ್ನು ಮುಚ್ಚಿಡಿ ಎಂದು ನಾನು ಹೇಳುವವನಲ್ಲ. ಆದರೆ 1843 ಯಾರ ಬಾಯಲ್ಲೂ ಬರುವುದಿಲ್ಲವಲ್ಲ! ದತ್ತು ಬಂದು ಗಾದಿ ಏರಿದ ಆ ವರ್ಷ ಅವನಿಗೆ ಹತ್ತು ತುಂಬಿರಲಿಲ್ಲ. ಡಿಸೆಂಬರ್ 29ರಂದು ಮಹಾರಾಜಪುರ, ಪನ್ನಿಯಾರ್ ಎರಡೂ ಕಡೆ ಗ್ವಾಲಿಯರ್ ಸೈನ್ಯ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ಸೋತಿತು. ಆಮೇಲೆ ಸಂಸ್ಥಾನದ ಸೈನ್ಯವನ್ನು ಕಂಪನಿ ಕುಗ್ಗಿಸಿತು. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಪಡೆಯೊಂದನ್ನು ಸಂಸ್ಥಾನದ ಖರ್ಚಿನಲ್ಲೇ ಇಟ್ಟಿತು. ಆ ಸೋಲಿನ ನೆರಳಲ್ಲಿ ಬೆಳೆದ ಹುಡುಗ ಅವನು.

ನಮ್ಮ ಕಿತ್ತೂರನ್ನೇ ನೋಡಿ. 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮನ್ರೋ ಪೇಶ್ವೆಯ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಇಲ್ಲಿಯ ದೊರೆ ಶಿವಲಿಂಗರುದ್ರ ಸರ್ಜ ನೆರವಾದದ್ದು ಬ್ರಿಟಿಷರಿಗೇ. ಅವನ ತಂದೆ ಮಲ್ಲಸರ್ಜನನ್ನು ಪೇಶ್ವೆ ಪುಣೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯಾಗಿ ಬರುತ್ತ 1816ರಲ್ಲಿ ಮಲ್ಲಸರ್ಜ ದಾರಿಯಲ್ಲೇ ತೀರಿಕೊಂಡ. ಅಂಥ ಮಗ ಪೇಶ್ವೆಯ ಕೋಟೆ ಕಾಯಲು ಹೋದಾನೆಯೇ? ಆರು ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪನಿ ಕಿತ್ತೂರಿನ ದತ್ತುಮಗನನ್ನು ಒಪ್ಪದೆ ಹೋಯಿತು, ಚನ್ನಮ್ಮ ತಾಯಿ ಕತ್ತಿ ಹಿರಿದಳು. ಸರ್ಜನನ್ನು ನಾವು ದ್ರೋಹಿ ಅನ್ನುವುದಿಲ್ಲ, ಅನ್ನಲೂ ಬಾರದು. ಅವನ ಮನೆಯ ಕಷ್ಟ ನಮಗೆ ಗೊತ್ತು. ಚನ್ನಮ್ಮ ತಾಯಿಯ ಸಮಾಧಿ ನಮ್ಮ ಬೈಲಹೊಂಗಲದಲ್ಲೇ ಇದೆ. ಗ್ವಾಲಿಯರ್ ದೂರದ್ದೆಂದು ಅಲ್ಲಿಯ ಕಷ್ಟ ಸುಳ್ಳಾಗುತ್ತದೆಯೇ?

‘ಹಂಗಾದ್ರ ಅಂವ ದ್ರೋಹಿ ಅಲ್ಲೇನ ಅಜ್ಜಾ?’ ಎಂದು ಮೊಮ್ಮಗಳು ಕೇಳಿದಳು. ‘ರಾಣಿಗೆ ಎದುರು ನಿಂತದ್ದು ತಪ್ಪವ್ವ. ತಪ್ಪು ಅಂತನ ಹೇಳು. ಅದರ ಜೋಡಿ 1843 ಸುದ್ದಾ ಹೇಳು’ ಎಂದೆ. ಅವಳು ಆ ಸಾಲು ಹೊಡೆದುಹಾಕಿ ಅಲ್ಲಿ ಐದು ಸಾಲು ಬರೆದಳು. ಗಡಿಯಾರ ಹಿಡಿದು ಓದಿಸಿದರೆ ಸ್ಪರ್ಧೆಯ ಮೂರು ನಿಮಿಷ ಮೀರುತ್ತದೆ. ಸ್ಪರ್ಧೆ ನಡೆಸುವ ಗುರುಗಳಲ್ಲಿ ನನ್ನ ಬಿನ್ನಹವಿಷ್ಟೆ: ಇತಿಹಾಸದ ಭಾಷಣಕ್ಕಾದರೂ ಮಕ್ಕಳಿಗೆ ಐದು ನಿಮಿಷ ಕೊಡಿ.

– ನಿವೃತ್ತ ಶಿಕ್ಷಕ, ಬೈಲಹೊಂಗಲ