ಭಾನುವಾರದ ಚರ್ಚೆ: ನಿಯಂತ್ರಕ ಟಿ ಕೋಶಗಳು

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಧಾರವಾಡದ ಸಪ್ತಾಪುರದಲ್ಲಿ, ನಾವು ಎಂದಿನಂತೆ ಸೇರುವ ಕೋಣೆಯಲ್ಲಿ, ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ಬಿಳಿ ರಕ್ತಕಣಗಳಾದ ನಿಯಂತ್ರಕ ಟಿ ಕೋಶಗಳ ಕುರಿತು ಚರ್ಚೆ ನಡೆಯಲಿದ್ದು, ಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲರೂ ತಪ್ಪದೆ ಬರಬೇಕೆಂದು ವಿನಂತಿ. ಹುಬ್ಬಳ್ಳಿಯವರು ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿಯಬಹುದು.

ಈ ಕೋಶಗಳ ಹುಟ್ಟಿನ ಭಾಗವನ್ನು ಮೊದಲೇ ಓದಿಕೊಂಡು ಬನ್ನಿ. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯಲ್ಲಿ ದೇಹದ ಸ್ವಂತ ಪ್ರೋಟೀನುಗಳನ್ನು ಬಲವಾಗಿ ಗುರುತಿಸುವ ಟಿ ಕೋಶಗಳಲ್ಲಿ ಹಲವು ಅಲ್ಲಿಯೇ ಸಾಯುತ್ತವೆ. ಕೆಲವು ಫಾಕ್ಸ್‌ಪಿ3 ಜೀನ್ ಸಕ್ರಿಯಗೊಂಡು ನಿಯಂತ್ರಕಗಳಾಗುತ್ತವೆ. ಕರುಳಿನಂಥ ಕಡೆ ಸಾಮಾನ್ಯ ಟಿ ಕೋಶಗಳೂ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿನಿಂದ ಹೀಗೆ ಮಾರ್ಪಡುವುದುಂಟು.

ಹೆಚ್ಚಿನ ಸಮಯವನ್ನು ನಿಯಂತ್ರಕ ಕೋಶಗಳು ಇತರ ಕೋಶಗಳೊಡನೆ ನಡೆಸುವ ಸಂವಹನಕ್ಕೇ ಕೊಡೋಣ. ಟಿ ಕೋಶಗಳನ್ನು ಎಚ್ಚರಿಸುವ ಡೆಂಡ್ರೈಟಿಕ್ ಕೋಶಗಳ ಮೇಲಿನ, ಆ ಎಚ್ಚರಿಕೆಗೆ ಬೇಕಾದ ಸಿಡಿ80 ಮತ್ತು ಸಿಡಿ86 ಅಣುಗಳನ್ನು ತಮ್ಮ ಮೇಲ್ಮೈಯ ಪ್ರೋಟೀನಾದ ಸಿಟಿಎಲ್‌ಎ-4ರ ಮೂಲಕ ಕಿತ್ತುಕೊಂಡು, ಉದ್ರೇಕ ತಣಿಸುವ ಸಂಕೇತ ಪ್ರೋಟೀನಾದ ಇಂಟರ್‌ಲ್ಯೂಕಿನ್-10 ಸ್ರವಿಸಿ, ಅವು ಇತರ ಕೋಶಗಳ ಉದ್ರೇಕವನ್ನು ತಗ್ಗಿಸುತ್ತವೆ. ನನಗೆ ಅತ್ಯಂತ ಕುತೂಹಲಕರವೆನಿಸುವುದು ಟಿ ಕೋಶಗಳ ಬೆಳವಣಿಗೆಗೆ ಬೇಕಾದ ಇಂಟರ್‌ಲ್ಯೂಕಿನ್-2ರ ವ್ಯವಹಾರ: ತಾವು ಅದನ್ನು ಬಹುತೇಕ ತಯಾರಿಸದೆ, ಬೇರೆ ಟಿ ಕೋಶಗಳು ತಯಾರಿಸಿದ್ದನ್ನೇ ಹೀರಿಕೊಂಡು ಬದುಕುವ ಇವು, ಅದರಿಂದಲೇ ಆ ಕೋಶಗಳ ಬೆಳವಣಿಗೆಗೆ ತಡೆಯೊಡ್ಡುತ್ತವೆ.

1995ರಲ್ಲಿ ವಿಜ್ಞಾನಿ ಸಕಾಗುಚಿ ಅವರು ಮಾಡಿದ ಈ ಕೋಶಗಳ ಶೋಧ, 2001ರ ಬ್ರಂಕೋ ಮತ್ತು ರಾಮ್ಸ್‌ಡೆಲ್ ಅವರ ಫಾಕ್ಸ್‌ಪಿ3 ಜೀನ್ ಶೋಧ, ಈ ಮೂವರಿಗೆ ಸಂದ 2025ರ ನೊಬೆಲ್, ಇಷ್ಟನ್ನು ಒಬ್ಬರು ಐದು ನಿಮಿಷದಲ್ಲಿ ಹೇಳಿದರೆ ಸಾಕು.

ಬರುವಿರೋ ಇಲ್ಲವೋ, ಯಾವ ಭಾಗವನ್ನು ವಿವರಿಸುವಿರಿ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಬರೆದು ತಿಳಿಸಿ. ಬರೀ ಕೈಮುಗಿದ ಚಿತ್ರ ಹಾಕಿದರೆ ಅದು ಒಪ್ಪಿಗೆಯೋ ಕ್ಷಮೆಯೋ ತಿಳಿಯುವುದಿಲ್ಲ.